ಬರ್ಲಿನ್ನಿನ ಪ್ರಕೃತಿ ಪ್ರವಚನ

ಮಠದ ಅಂಗಳದಲ್ಲಿ ಪ್ರವಚನ ನಡೆಯುವಾಗ ಬಾಗಿಲಲ್ಲಿ ನಿಂತು ಯಾರೂ ಶುಲ್ಕ ಕೇಳುವುದಿಲ್ಲ. ಅಕ್ಷರ ಬಲ್ಲವರು, ಬಾರದವರು, ಸ್ತ್ರೀಯರು, ಪುರುಷರು ಒಂದೇ ಜಮಖಾನದ ಮೇಲೆ ಕುಳಿತು ಕೇಳುತ್ತಾರೆ. ವಾಚಕ ಬಂಧುಗಳಿಗೆ ಇದು ರೂಢಿಯ ಸಂಗತಿ. ಪ್ರಕೃತಿವಿಜ್ಞಾನವೂ ಒಮ್ಮೆ ಹೀಗೆಯೇ ಜನರೆಡೆಗೆ ಇಳಿದು ಬಂದ ಪ್ರಸಂಗವೊಂದು ಯೂರೋಪಿನ ಇತಿಹಾಸದಲ್ಲಿದೆ.

ಪ್ರಷ್ಯದ ರಾಜಧಾನಿ ಬರ್ಲಿನ್ನಿನ ವಿಶ್ವವಿದ್ಯಾನಿಲಯವು 1810ರಲ್ಲಿ ಪಾಠಪ್ರವಚನಗಳನ್ನು ಆರಂಭಿಸಿತು. ಅದರ ಸ್ಥಾಪನೆಗೆ ಕಾರಣಪುರುಷರು ವಿಲ್‌ಹೆಲ್ಮ್ ಹಂಬೋಲ್ಟರು. ಅವರ ತಮ್ಮ ಅಲೆಕ್ಸಾಂಡರ್ ಹಂಬೋಲ್ಟರು 1799ರಿಂದ 1804ರವರೆಗೆ ಅಮೆರಿಕ ಖಂಡದಲ್ಲಿ ಸಂಚರಿಸಿ, ಬಹುಕಾಲ ಪ್ಯಾರಿಸ್ಸಿನಲ್ಲಿ ನೆಲೆಸಿ, 1827ರಲ್ಲಿ ಹುಟ್ಟೂರಿಗೆ ಮರಳಿದರು. ಅದೇ ವರ್ಷದ ನವೆಂಬರ್ 3ರಂದು ಆ ವಿಶ್ವವಿದ್ಯಾನಿಲಯದಲ್ಲಿ ಅವರ ಉಪನ್ಯಾಸಮಾಲೆ ಮೊದಲಾಯಿತು. ಅವರು ಅಲ್ಲಿ ಪ್ರಾಧ್ಯಾಪಕರಾಗಿರಲಿಲ್ಲ, ಶುಲ್ಕವನ್ನೂ ಪಡೆಯಲಿಲ್ಲ. 1828ರ ಏಪ್ರಿಲ್‌ವರೆಗೆ 60ಕ್ಕೂ ಹೆಚ್ಚು ಉಪನ್ಯಾಸಗಳನ್ನು ಜರ್ಮನ್ ಭಾಷೆಯಲ್ಲಿಯೇ ನೀಡಿದರು. ನಕ್ಷತ್ರಮಂಡಲದಿಂದ ಜ್ವಾಲಾಮುಖಿ, ಸಾಗರ, ವಾಯುಮಂಡಲ, ಸಸ್ಯಗಳವರೆಗೆ ಎಲ್ಲವೂ ಒಂದೇ ಜೀವಂತ ಸಂಬಂಧದಲ್ಲಿ ಹೆಣೆದುಕೊಂಡಿವೆ ಎಂಬುದು ಅವುಗಳ ಸಾರ.

ಆದರೆ ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಆದ್ದರಿಂದ ಡಿಸೆಂಬರ್ 6ರಿಂದ ಸಮೀಪದ ಸಂಗೀತಸಭಾ ಮಂದಿರದಲ್ಲಿ ಸರ್ವರಿಗೂ ತೆರೆದ ಮತ್ತೊಂದು ಮಾಲೆ ಜೊತೆಜೊತೆಗೇ ನಡೆಯಿತು. ಅಲ್ಲಿ 16 ಉಪನ್ಯಾಸಗಳಾದವು. ರಾಜನೂ ಬಂದನು, ಕೈಕಸುಬಿನವರೂ ಬಂದರು. ಸ್ತ್ರೀಯರಂತೂ ದೊಡ್ಡ ಸಂಖ್ಯೆಯಲ್ಲಿ ನೆರೆದರು. ಹೆಂಗಸರಿಗೆ ಇದೆಲ್ಲ ಅರ್ಥವಾದೀತೇ ಎಂದು ಪರಿಹಾಸ ಮಾಡಿದವರೂ ಇದ್ದರು. ಪ್ರಷ್ಯದ ವಿಶ್ವವಿದ್ಯಾನಿಲಯಗಳು ಸ್ತ್ರೀಯರನ್ನು ವಿದ್ಯಾರ್ಥಿನಿಯರನ್ನಾಗಿ ವಿಧ್ಯುಕ್ತವಾಗಿ ಸ್ವೀಕರಿಸಿದ್ದು 1908ರಲ್ಲಿ, ಅಂದರೆ 80 ವರ್ಷಗಳ ತರುವಾಯ!

ಹಂಬೋಲ್ಟರ ಈ ಅರಿವು ಬರಿಯ ಪುಸ್ತಕಪಾಂಡಿತ್ಯದಿಂದ ಬಂದುದಲ್ಲ. 1800ರಲ್ಲಿ ಅವರು ಇಂದಿನ ವೆನೆಜುವೆಲಾದ ವಲೆನ್ಸಿಯಾ ಸರೋವರವನ್ನು ಕಂಡರು. ನೀರು ವರ್ಷೇ ವರ್ಷೇ ಇಳಿಯುತ್ತಿತ್ತು. ಕಾರಣ ತಿಳಿಯದೆ ಜನ ಚಿಂತಾಕ್ರಾಂತರಾಗಿದ್ದರು. ಸುತ್ತಲಿನ ಕಾಡನ್ನು ಕಡಿದುದು, ತೊರೆಗಳನ್ನು ಬೇಸಾಯಕ್ಕೆ ತಿರುಗಿಸಿದುದು ಇದಕ್ಕೆ ಕಾರಣವೆಂದು ಅವರು ನಿರ್ಣಯಿಸಿದರು. ಮರವಿಲ್ಲದ ಗುಡ್ಡದ ಮೇಲೆ ಮಳೆನೀರು ನಿಲ್ಲದು. ಅದು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ, ಬೇಸಗೆಯಲ್ಲಿ ತೊರೆಗಳು ಬತ್ತುತ್ತವೆ ಎಂದು ವಿವರಿಸಿದರು. ಗುಲಾಮಗಿರಿಯನ್ನೂ ಅವರು ಕಟುವಾಗಿ ಖಂಡಿಸಿದರು. ಹಿಮಾಲಯವನ್ನು ಕಾಣಬೇಕೆಂಬ ಅವರ ಬಯಕೆ ಮಾತ್ರ ಈಡೇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅನುಮತಿ ನೀಡಲೇ ಇಲ್ಲ.

ಆ ಉಪನ್ಯಾಸಗಳ ಬೀಜದಿಂದ ಬೆಳೆದುದೇ ‘ಕಾಸ್ಮೋಸ್’ ಎಂಬ ಮಹಾಗ್ರಂಥ. ಅದರ ಮೊದಲ ಸಂಪುಟ 1845ರಲ್ಲಿ ಪ್ರಕಟವಾಯಿತು. ಮನುಷ್ಯಕುಲ ಒಂದೇ, ಅದರಲ್ಲಿ ಹುಟ್ಟಿನಿಂದ ಮೇಲು ಕೀಳುಗಳಿಲ್ಲ ಎಂಬ ಮಾತೂ ಅದರಲ್ಲಿದೆ. 1859ರಲ್ಲಿ ಹಂಬೋಲ್ಟರು ಕಾಲವಾದರು. ಐದನೆಯ ಸಂಪುಟ 1862ರಲ್ಲಿ, ಅವರ ಮರಣಾನಂತರ ಹೊರಬಂದಿತು.

ಜ್ಞಾನವು ಜನರ ನುಡಿಯಲ್ಲಿ, ಸ್ತ್ರೀಪುರುಷಭೇದವಿಲ್ಲದೆ ಹರಿಯಬೇಕೆಂಬುದು ಹನ್ನೆರಡನೆಯ ಶತಮಾನದ ಶರಣರನ್ನು ಬಲ್ಲ ನಮಗೆ ಹೊಸದಲ್ಲ. ಆದರೆ ಬಲ್ಲೆವೆಂಬ ಹೆಮ್ಮೆಯಿಂದ ಕೆರೆ ತುಂಬುವುದಿಲ್ಲ. ನಮ್ಮ ಕೆರೆಗಳಲ್ಲಿ ಹೂಳು ತುಂಬುತ್ತಿರುವಾಗ, ಅದರ ಕಾರಣ ಬಲ್ಲ ವಿಜ್ಞಾನಿಗಳ ಮಾತು ಪರಿಭಾಷೆಯ ಗೋಡೆಯೊಳಗೇ ಉಳಿದರೆ ಯಾರಿಗೆ ಪ್ರಯೋಜನ? ಮುಂದಿನ ಜಾತ್ರೆಯಲ್ಲಿ ಮಠದ ವೇದಿಕೆಗೆ ಅಂಥವರೊಬ್ಬರನ್ನು ಕರೆಯಿರಿ. ನಿಮ್ಮ ಊರ ಕೆರೆಯ ಬಗೆಗೆ ಕನ್ನಡದಲ್ಲಿ ಕೇಳಿರಿ. ಅದೂ ದಾಸೋಹವೇ.