ರೂರ್ಕಿಯಲ್ಲಿ ಕಲಿತ ಮಳೆಯ ಲೆಕ್ಕ

1837-38ರ ಬರಗಾಲದಲ್ಲಿ ಗಂಗಾ ಯಮುನೆಯರ ನಡುವಿನ ಸೀಮೆಯ ಜನ ಹಸಿವಿನಿಂದ ಸತ್ತರು. ಆಮೇಲೆಯೇ ಗಂಗಾ ನಾಲೆಗೆ ಕಂಪನಿ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು. ನಾಲೆ ತೋಡಿಸಿದ ಪ್ರೋಬಿ ಕಾಟ್ಲಿಗೆ ಸರ್ವೆ ಬಲ್ಲ, ಮಟ್ಟ ನೋಡಬಲ್ಲ ಜನ ಬೇಕಾಗಿತ್ತು. ಅಂಥವರನ್ನು ತಯಾರು ಮಾಡಲೆಂದೇ 1847ರಲ್ಲಿ ರೂರ್ಕಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 1854ರಲ್ಲಿ ಸೋಲಾನಿ ನದಿಯ ಮೇಲಿನ 15 ಕಮಾನುಗಳ ಮೇಲ್ಗಾಲುವೆಯಲ್ಲಿ ಗಂಗೆ ಹರಿದಳು.

ಆದರೆ ಮಳೆ ಎಷ್ಟು ಬಿದ್ದರೆ ಹೊಳೆಗೆ ಎಷ್ಟು ನೀರು ಬರುತ್ತದೆ ಎಂಬುದೇ ಒಂದು ಬೇರೆ ಓದಾಗಲು ನೂರು ವರ್ಷ ಮೀರಿ ಹಿಡಿಯಿತು. ಅಲ್ಲಿಯವರೆಗೆ ನಮ್ಮ ಕಡೆ ಕೆರೆ ಕೋಡಿಯ ಅಗಲ ಗೊತ್ತುಮಾಡಲು 1884ರ ರೈವ್ಸ್ ಸೂತ್ರವೇ ಗತಿ. ಜಲಾನಯನದ ವಿಸ್ತೀರ್ಣವನ್ನು ಮೂರನೇ ಎರಡರ (2/3) ಘಾತಕ್ಕೆ ಏರಿಸು, ಗುಣಕದಿಂದ ಗುಣಿಸು. ಪೂರ್ವ ಕರಾವಳಿಯಿಂದ 80 ಕಿಲೋಮೀಟರ್ ಒಳಗಾದರೆ ಗುಣಕ 6.8, ಅದರಾಚೆ 160 ಕಿಲೋಮೀಟರ್‌ವರೆಗೆ 8.5. ಮಳೆಯ ಪ್ರಸ್ತಾಪವೇ ಅದರಲ್ಲಿಲ್ಲ! ಮಳೆಮಾಪಕಗಳೇ ವಿರಳವಾಗಿದ್ದ ಕಾಲದಲ್ಲಿ ಅದು ದೊಡ್ಡ ಉಪಕಾರ, ನಿಜ. ಆದರೂ ಏರಿಯ ಕೆಳಗೆ ಊರಿರುವ ಕಡೆ ಅದೊಂದನ್ನೇ ನೆಚ್ಚಲು ನನಗೆ ಧೈರ್ಯವಾಗುತ್ತಿರಲಿಲ್ಲ.

1965ರಿಂದ ಹತ್ತು ವರ್ಷ ಯುನೆಸ್ಕೋ ಜಲವಿಜ್ಞಾನ ದಶಕ ನಡೆಸಿತು. ಅದರ ಫಲವಾಗಿ 1972ರಲ್ಲಿ ರೂರ್ಕಿಯಲ್ಲಿ ಅಂತರರಾಷ್ಟ್ರೀಯ ಜಲವಿಜ್ಞಾನ ಕೋರ್ಸ್ ಶುರುವಾಯಿತು. ಮುಂದೆ ನೀರಾವರಿ ಇಲಾಖೆಯಿಂದ ನಾನೂ ಅಲ್ಲಿಗೆ ಓದಲು ಹೋದೆ. ಅಮೆರಿಕದ ಶೆರ್ಮನ್ 1932ರಲ್ಲಿ ತೋರಿಸಿಕೊಟ್ಟ ಯೂನಿಟ್ ಹೈಡ್ರೋಗ್ರಾಫನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲೇ ಬಿಡಿಸಬೇಕಿತ್ತು. ಇಡೀ ಜಲಾನಯನದಿಂದ ಒಂದು ಸೆಂಟಿಮೀಟರ್ ನೀರು ಇಳಿದು ಬಂದರೆ ಹೊಳೆ ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂಬುದನ್ನು ತೋರಿಸುವ ರೇಖಾಚಿತ್ರ ಅದು. ಅದನ್ನು ಬಿಡಿಸುವ ಮೊದಲು ಮಳೆಯಿಲ್ಲದೆಯೂ ಹರಿಯುವ ಒಸರು ನೀರನ್ನು ಗೆರೆ ಎಳೆದು ಕಳೆಯಬೇಕು. ಆ ಗೆರೆ ತುಸು ಮೇಲೆ ಹೋದರೂ ಮಳೆನೀರಿನ ಪಾಲು ಕುಗ್ಗುತ್ತದೆ. ಕೊನೆಗೆ ಚೌಕಗಳನ್ನು ಎಣಿಸಿದಾಗ ಮೊತ್ತ ಆ ಒಂದು ಸೆಂಟಿಮೀಟರಿಗೆ ತಾಳೆಯಾಗದಿದ್ದರೆ ರಬ್ಬರ್ ಹಚ್ಚಿ ಮತ್ತೆ ಶುರು. ಹೊಳೆಯ ಸ್ವಭಾವ ನನಗೆ ತಿಳಿದದ್ದು ಆ ಹಾಳೆಗಳಲ್ಲಿ.

ಈಗ ಆ ಕೆಲಸವನ್ನೆಲ್ಲ ಕಂಪ್ಯೂಟರ್ ಮಾದರಿಗಳು ಕ್ಷಣದಲ್ಲಿ ಮಾಡುತ್ತವೆ, ಮಾಡಲಿ, ಒಳ್ಳೆಯದೇ. ನನ್ನ ಚಿಂತೆ ಅವುಗಳಿಗೆ ಉಣಿಸುವ ಅಂಕಿಗಳದ್ದು. ಅಳತೆಪಟ್ಟಿಯನ್ನೇ ಕಾಣದ ಹಳ್ಳಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಈ ವಿಷಯ ಕಲಿಸುವ ಪ್ರತಿಯೊಂದು ಕಾಲೇಜೂ ಹತ್ತಿರದ ಒಂದು ಹಳ್ಳಕ್ಕೆ ಪಟ್ಟಿ ನೆಡಿಸಿ, ಮಳೆಗಾಲವಿಡೀ ವಿದ್ಯಾರ್ಥಿಗಳ ಕೈಯಿಂದಲೇ ನೀರಿನ ಮಟ್ಟ ಬರೆಸಲಿ.