ನಿಮ್ಮ ಎಸಿಯ 'ಟನ್' ಮತ್ತು ಮರೀನಾದ ಐಸ್ ಹೌಸ್

ಓಎಂಆರ್‌ನಲ್ಲಿ ಬಾಡಿಗೆ ಮನೆ ಹುಡುಕುವಾಗ ನಾವು ಮೊದಲು ಕೇಳೋದು ನೀರು, ಆಮೇಲೆ ಎಸಿ. "ಒಂದೂವರೆ ಟನ್ ಸಾರ್" ಅಂತಾರೆ ಬ್ರೋಕರ್. ಯಾವುದು ಒಂದೂವರೆ ಟನ್? ಡಬ್ಬದ ತೂಕ ಅಂತೂ ಅಲ್ಲ.

ಉತ್ತರಕ್ಕೆ ಮರೀನಾ ಬೀಚಿಗೆ ಬನ್ನಿ. ರಸ್ತೆಯ ಈಚೆ ವಿವೇಕಾನಂದರ್ ಇಲ್ಲಂ ಅನ್ನೋ ಕಟ್ಟಡ ಇದೆ. ಹಳಬರಿಗೆ ಅದು ಇವತ್ತಿಗೂ ಐಸ್ ಹೌಸ್. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್‌ನ ಐಸ್ ಇಡೋಕೆ 1842ರಲ್ಲಿ ಎದ್ದ ಕಟ್ಟಡ ಅದು.

ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳಗಳನ್ನ ಗರಗಸದಿಂದ ಕೊಯ್ದು, ಮರದ ಪುಡಿಯಲ್ಲಿ ಸುತ್ತಿ ಹಡಗಿಗೆ ತುಂಬುತ್ತಿದ್ದರು. 1833ರಲ್ಲಿ ಕಲ್ಕತ್ತಕ್ಕೆ ಹೋದ ಮೊದಲ ಹಡಗಿನಲ್ಲಿ ಸುಮಾರು 180 ಟನ್ ಇತ್ತು. ನಾಲ್ಕು ತಿಂಗಳ ಸಮುದ್ರಯಾನ ಮುಗಿದಾಗ ಉಳಿದದ್ದು 100 ಟನ್ ಆಸುಪಾಸು. ಅಷ್ಟು ಉಳಿದದ್ದೇ ದೊಡ್ಡದು ಅನ್ನಿ! ಮದ್ರಾಸಿನಲ್ಲಿ ಆಗ ಬಂದರು ಕೂಡ ಇರಲಿಲ್ಲ. ಹಡಗು ದೂರದಲ್ಲೇ ನಿಲ್ಲಬೇಕು, ಸರಕು ಮಸೂಲಾ ದೋಣಿಗಳಲ್ಲಿ ಅಲೆ ದಾಟಿ ದಡಕ್ಕೆ ಬರಬೇಕು. ಗೋದಾಮು ಕಡಲಿನ ಎದುರಿಗೇ ಯಾಕಿದೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ.

ಆಮೇಲೆ ಇಲ್ಲೇ ಯಂತ್ರದಲ್ಲಿ ಐಸ್ ಮಾಡೋಕೆ ಶುರುವಾಯ್ತು, ಟ್ಯೂಡರ್ ವ್ಯಾಪಾರ ಮುಳುಗಿತು. ಖಾಲಿ ಬಿದ್ದ ಗೋದಾಮನ್ನ ವಕೀಲ ಬಿಳಿಗಿರಿ ಅಯ್ಯಂಗಾರ್ ಕೊಂಡು (ಹೆಸರು ಕೇಳಿದ್ರೆ ನಮಗೆ ಚಾಮರಾಜನಗರದ ಬೆಟ್ಟ ನೆನಪಾಗುತ್ತೆ), ಕಿಟಕಿ, ವರಾಂಡ ಸೇರಿಸಿ ಮನೆ ಮಾಡಿಕೊಂಡರು. 1897ರ ಫೆಬ್ರವರಿಯಲ್ಲಿ ವಿವೇಕಾನಂದರು ಉಳಿದುಕೊಂಡದ್ದು ಈ ಮನೆಯಲ್ಲೇ.

ಟ್ಯೂಡರ್‌ನನ್ನ ಮುಳುಗಿಸಿದ ಯಂತ್ರದ ಗುಟ್ಟು ಸರಳ. ಸ್ಯಾನಿಟೈಸರ್ ಆರುವಾಗ ಕೈ ತಣ್ಣಗಾಗುತ್ತಲ್ಲ, ಅದೇ. ದ್ರವ ಆವಿಯಾಗುವಾಗ ಸುತ್ತಲಿನ ಬಿಸಿ ಹೀರುತ್ತೆ. ಜೇಕಬ್ ಪರ್ಕಿನ್ಸ್ 1834ರಲ್ಲಿ ಪೇಟೆಂಟ್ ಪಡೆದದ್ದು ಈಥರಿನ ಆವಿಯನ್ನ ಹೊರಗೆ ಬಿಡದೆ ಒತ್ತಿ, ಮತ್ತೆ ದ್ರವ ಮಾಡಿ ತಿರುಗಿಸೋ ಉಪಾಯಕ್ಕೆ. ನಿಮ್ಮ ಎಸಿಯಲ್ಲೂ ಅದೇ ಸುತ್ತು. ಒಳಗಿನ ಕಾಯಿಲ್‌ನಲ್ಲಿ ಗ್ಯಾಸ್ ಬಿಸಿ ಹೀರುತ್ತೆ, ಕಂಪ್ರೆಸರ್ ಅದನ್ನ ಒತ್ತುತ್ತೆ, ಹೊರಗಿನ ಕಾಯಿಲ್‌ನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತೆ, ಸಣ್ಣ ಕಂಡಿಯಲ್ಲಿ ನುಗ್ಗಿ ಒತ್ತಡ ಇಳಿದು ತಣ್ಣಗಾಗಿ ಒಳಗೆ ಬರುತ್ತೆ.

ಹೊಸ ಯಂತ್ರದ ಶಕ್ತಿ ಅಳೆಯೋಕೆ ಜನಕ್ಕೆ ಗೊತ್ತಿದ್ದ ಮಾಪನ ಐಸೇ. ಒಂದು ದಿನದಲ್ಲಿ ಒಂದು ಅಮೆರಿಕನ್ ಟನ್, ಅಂದ್ರೆ 907 ಕೆ.ಜಿ. ಐಸ್ ಕರಗುವಾಗ ಹೀರೋ ಬಿಸಿ, ಅದೇ ಒಂದು ಟನ್. ಸುಮಾರು 3.5 ಕಿಲೋವ್ಯಾಟ್. ನಿಮ್ಮ ಒಂದೂವರೆ ಟನ್ ಎಸಿ ಪೂರ್ತಿ ಓಡಿದ್ರೆ ಗಂಟೆಗೆ 57 ಕೆ.ಜಿ. ಐಸ್ ಕರಗಿಸಿದ ಹಾಗೆ. ಕಲ್ಕತ್ತದಲ್ಲಿ ಇಳಿದ ಆ 100 ಟನ್, ಹಗಲುರಾತ್ರಿ ನಿಮ್ಮ ಒಂದು ರೂಮಿಗೆ ಎರಡು ತಿಂಗಳಿಗೆ ಬರ್ತಿತ್ತು, ಅಷ್ಟೇ.

ಒಂದು ವ್ಯತ್ಯಾಸ ಮಾತ್ರ ಮರೀಬೇಡಿ. ಟ್ಯೂಡರ್‌ನ ಐಸ್ ಕೆಲಸ ಮಾಡ್ತಾ ಖರ್ಚಾಗ್ತಿತ್ತು, ಎಸಿಯ ಗ್ಯಾಸ್ ಖರ್ಚಾಗಲ್ಲ. ಪ್ರತಿ ಏಪ್ರಿಲ್‌ಗೆ "ಗ್ಯಾಸ್ ಮುಗಿದಿದೆ" ಅಂತ ಯಾರಾದ್ರೂ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ತಿರುವಾನ್ಮಿಯೂರಿನಂಥ ಕಡಲ ಬದಿಯಲ್ಲಿ ಉಪ್ಪುಗಾಳಿ ಹೊರಗಿನ ಕಾಯಿಲ್ ಅನ್ನೇ ತಿನ್ನುತ್ತೆ. ದುಡ್ಡು ಕೊಡೋ ಮೊದಲು ನಿಮಗೆ ಬರೋ ಅರ್ಧ ತಮಿಳಲ್ಲೇ ಕೇಳಿ: "ಅಣ್ಣಾ, ಲೀಕ್ ಎಂಗೆ?"