ಕೈಪೆಟ್ಟಿಗೆ ಗ್ರಾಮೊಫೋನು: ಗುರುತು ಮತ್ತು ಜೀರ್ಣೋದ್ಧಾರ

ಅಡಗಿಹೋದ ಧ್ವನಿಯನ್ನು ಮರಳಿ ಕೇಳಿಸುವ ಯಂತ್ರವನ್ನು ಎಡಿಸನ್ ಮಹಾಶಯರು 1877ರಲ್ಲಿ ಲೋಕಕ್ಕೆ ನೀಡಿದರು. ಹತ್ತು ವರ್ಷಗಳ ತರುವಾಯ ಬರ್ಲಿನರ್ ಅವರು ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ಬಳಕೆಗೆ ತಂದರು. 1914ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಡೆಕ್ಕಾ ಕೈಪೆಟ್ಟಿಗೆಯನ್ನು ಪ್ರಥಮ ಮಹಾಯುದ್ಧದ ಸೈನಿಕರು ಕಂದಕಗಳಿಗೂ ಹೊತ್ತೊಯ್ದರು. ಮುಂದೆ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯ 101 ಹಾಗೂ 1931ರ 102 ಮಾದರಿಗಳು ಬಹು ಜನಪ್ರಿಯವಾದವು.

ಇವುಗಳನ್ನು ಗುರುತಿಸುವಾಗ ನಾವು ನಾಯಿಯ ಮುದ್ರೆಯೊಂದನ್ನೇ ನೆಚ್ಚಲಾಗದು. ಆ ಮುದ್ರೆ ನಕಲಿ ಯಂತ್ರಗಳ ಮೇಲೂ ಇರುತ್ತದೆ. ಮುಳ್ಳು ಹಿಡಿಯುವ ಸೌಂಡ್ ಬಾಕ್ಸನ್ನು ಪರೀಕ್ಷಿಸಬೇಕು. 101ರಲ್ಲಿ ಸಾಮಾನ್ಯವಾಗಿ ಅಭ್ರಕದ ಪೊರೆ, 102ರಲ್ಲಿ ಅಲ್ಯೂಮಿನಿಯಂ ಪೊರೆ ಇರುತ್ತದೆ.

ಜೀರ್ಣೋದ್ಧಾರಕ್ಕೆ ತಾಳ್ಮೆ ಅವಶ್ಯ. ಮೋಟಾರನ್ನು ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿದಿರಬೇಕು. ಇಲ್ಲವಾದರೆ ಅದು ಸಿಡಿದು ಕೈಗೆ ಗಾಯವಾದೀತು. ಗಟ್ಟಿಯಾದ ಗ್ರೀಸನ್ನು ತೊಳೆದು ಹೊಸದನ್ನು ಹಚ್ಚಬೇಕು. ಪೊರೆಯ ಸುತ್ತಣ ರಬ್ಬರು ಕಲ್ಲಿನಂತಾಗಿದ್ದರೆ ಧ್ವನಿ ಕರ್ಕಶವಾಗುತ್ತದೆ, ಅದನ್ನು ಬದಲಿಸಬೇಕು. ಗವರ್ನರಿಗೆ ಎಣ್ಣೆ ಬಿಟ್ಟು ವೇಗವನ್ನು ನಿಮಿಷಕ್ಕೆ 78 ಸುತ್ತಿಗೆ ಹೊಂದಿಸಬೇಕು. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸದಿದ್ದರೆ ಸವೆದ ಮುಳ್ಳು ಅರಗಿನ ತಟ್ಟೆಯನ್ನೇ ಕೊರೆದುಹಾಕುತ್ತದೆ. ಆ ಅರಗಾದರೋ ನಮ್ಮ ಭಾರತದ ಕಾಡುಗಳ ಕೀಟಗಳಿಂದ ದೊರೆತ ಸಂಪತ್ತು. 1908ರಿಂದ ಕಲಕತ್ತೆಯಲ್ಲಿಯೇ ತಟ್ಟೆಗಳು ತಯಾರಾದವು.

ಹೊರಗಣ ಬಟ್ಟೆಯನ್ನು ಕಿತ್ತು ಬಣ್ಣ ಬಳಿಯುವ ಆತುರ ಬೇಡ. ಸವೆದ ಹಿಡಿ, ಮಾಸಿದ ಅಂಚುಗಳೂ ಅದರ ಚರಿತ್ರೆಯೇ. ಹಿರಿಯರ ಅಟ್ಟದಲ್ಲಿ ಇಂಥ ಪೆಟ್ಟಿಗೆಯಿದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡುವುದು ನಮ್ಮೆಲ್ಲರ ಕರ್ತವ್ಯವೆಂದು ಭಾವಿಸುತ್ತೇವೆ.